ಹೊರಲು ಹಗುರ, ಒತ್ತಲು ಭಾರ

ಹೊರುವಾಗ ಹೂವಿನಂತಿರಬೇಕು, ಒತ್ತುವಾಗ ಮಾತ್ರ ಬೆರಳಿಗೆ ತೂಕ ತಿಳಿಯಬೇಕು. ಇಂಥದೊಂದು ವಸ್ತು ಬೇಕೆಂದು ನಾನು ಮೂರು ತಿಂಗಳು ಬೆಂಗಳೂರು ಸುತ್ತಿದೆ. “ಅರವತ್ತೊಂದನೇ ವಯಸ್ಸಲ್ಲಿ ಇಂಥ ಆಸೆ ಬಂದ್ರೆ ಡಾಕ್ಟರ ಹತ್ರ ಹೋಗ್ಬೇಕು, ಅಂಗಡಿಗಲ್ಲ” ಎಂದಳು ನನ್ನ ಹೆಂಡತಿ ಸುಶೀಲ. ಅವಳಿಗೆ ಗೊತ್ತಿಲ್ಲದ್ದೇನಲ್ಲ, ಡಾಕ್ಟರ ಹತ್ತಿರ ಹೋಗಿಬಂದ ಮೇಲೆಯೇ ನನಗೆ ಆ ಆಸೆ ಹುಟ್ಟಿದ್ದು. ನನ್ನ ಸೊಂಟದ ಚಿತ್ರವನ್ನು ಬೆಳಕಿಗೆ ಹಿಡಿದು ನೋಡಿದ ಅವರು, “ನೀವೇನು ಮೂಟೆ ಹೊರೋ ಕೆಲಸ ಮಾಡ್ತೀರಾ?” ಎಂದು ಕೇಳಿದ್ದರು. “ಇಲ್ಲ ಸಾರ್, ಸಂಗೀತ” ಎಂದಿದ್ದೆ. ಅವರು ನಂಬಲಿಲ್ಲ.

ನಾನು ವಿಜಯನಗರದವನು. ಸರ್ಕಾರಿ ಕಚೇರಿಯೊಂದರಲ್ಲಿ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಕನ್ನಡ ಟೈಪಿಸ್ಟ್ ಆಗಿದ್ದವನು. ಆದರೆ ಆ ಹೆಸರಿನಿಂದ ನನ್ನನ್ನು ಯಾರೂ ಕರೆಯುವುದಿಲ್ಲ. ನಾನು ‘ಪೆಟ್ಟಿಗೆ ಮೇಷ್ಟ್ರು’. ಮಾಗಡಿ ರಸ್ತೆಯ ಆಚೀಚೆ ಈಗ ಬಡಾವಣೆಗಳಾಗಿ ಅಳಿಸಿಹೋಗಿರುವ ಹಳೇ ಊರುಗಳಲ್ಲಿ ಇಂದಿಗೂ ಪೌರಾಣಿಕ ನಾಟಕದ ಹುಚ್ಚು ಉಳಿದಿದೆ. ಅಪ್ಪಂದಿರು ರಾಗಿ ಬಿತ್ತಿದ ಜಾಗದಲ್ಲಿ ಮಕ್ಕಳು ಬಾಡಿಗೆ ಮನೆ ಎಬ್ಬಿಸಿದ್ದಾರೆ, ಆದರೆ ವರ್ಷಕ್ಕೊಮ್ಮೆ ಕಿರೀಟ ಇಟ್ಟು, ಗದೆ ಹೊತ್ತು, ಮೈಕಿನ ಮುಂದೆ ನಿಂತು ಕಂದಪದ್ಯ ಹೇಳದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಅಂಥ ನಾಟಕದಲ್ಲಿ ಹಾರ್ಮೋನಿಯಂ ಪೆಟ್ಟಿಗೆಯ ಮುಂದೆ ಕೂತವನೇ ಮೇಷ್ಟ್ರು. ಪದ್ಯ ಕಲಿಸುವವನು ಅವನು, ಮರೆತಾಗ ನೆನಪಿಸುವವನು ಅವನು, ಶ್ರುತಿ ತಪ್ಪಿದಾಗ ಮುಚ್ಚಿಹಾಕುವವನೂ ಅವನೇ. ನನಗೆ ಈ ವಿದ್ಯೆ ನಮ್ಮ ದೊಡ್ಡಪ್ಪನಿಂದ ಬಂತು. ವಿದ್ಯೆಯ ಜೊತೆಗೆ ಮಾತೂ ಅವರಿಂದಲೇ ಬಂತು. ನನ್ನ ಮಾತು ಉದ್ದವಾಯಿತೆಂದು ನಿಮಗೆ ಅನ್ನಿಸಿದರೆ ಅದರಲ್ಲಿ ಅರ್ಧ ತಪ್ಪು ಅವರದು.

ದೊಡ್ಡಪ್ಪನಿಗೆ ಒಂದು ನಿಯಮವಿತ್ತು. ಹಾರ್ಮೋನಿಯಂನ ಒಂದೊಂದು ಪಟ್ಟಿಯನ್ನೂ ನಮ್ಮಲ್ಲಿ ‘ಮನೆ’ ಎನ್ನುತ್ತೇವೆ: ಕರಿಮನೆ, ಬಿಳಿಮನೆ. ತಿದಿ ಒತ್ತಿ ಗಾಳಿ ತುಂಬದೆ ಮನೆ ಒತ್ತಕೂಡದು ಎಂಬುದು ಅವರ ಕಟ್ಟಪ್ಪಣೆ. ಚಿಕ್ಕಂದಿನಲ್ಲಿ ನಾನು ಆಟಕ್ಕೆಂದು ಬರೀ ಪಟ್ಟಿಗಳ ಮೇಲೆ ಟಕಟಕನೆ ಬೆರಳಾಡಿಸುತ್ತಿದ್ದರೆ ಒಳಗಿನಿಂದ ಕೂಗುತ್ತಿದ್ದರು: “ಲೋ, ಉಸಿರಿಲ್ದೇ ಇರೋದನ್ನ ಮಾತಾಡಿಸಬೇಡ ಕಣೋ. ಅಕಸ್ಮಾತ್ ಅದು ಮಾತಾಡಿಬಿಟ್ರೆ ಏನ್ ಮಾಡ್ತೀಯ?” ನಾನು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೆ. ಮಾತಾಡಿಬಿಟ್ಟರೆ ಏನು ಮಾಡುವುದೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಕಾಲ ಸರಿದಂತೆ ಹಾರ್ಮೋನಿಯಂ ಹೋಗಿ ಕೀಬೋರ್ಡ್ ಬಂತು. ನಮ್ಮ ತಂಡದ ಯಜಮಾನ ಗಂಗಣ್ಣನಿಗೆ ಶಂಖ, ಗುಡುಗು, ಕುದುರೆಯ ಓಟ ಎಲ್ಲವೂ ಒಬ್ಬನ ಕೈಯಿಂದಲೇ ಬರಬೇಕು. ಶ್ರೀಗಂಧದ ಕಾವಲಿನ ಕಡೆ ಆತನಿಗೆ ನಾಲ್ಕು ಕಟ್ಟಡಗಳಿವೆ, ಹುರಿಮೀಸೆ ಇದೆ, ಕಂಠವೂ ಇದೆ. ತಾಳ ಮಾತ್ರ ಆಗಾಗ ಬಂದು ಹೋಗುವ ನೆಂಟ. ನನ್ನ ಹಳೆಯ ಕೀಬೋರ್ಡಿನ ತೂಕ ಇಪ್ಪತ್ತೆರಡು ಕಿಲೋ. ಅದನ್ನು ಎತ್ತಲು ಗಂಗಣ್ಣ ಒಂದು ಸಲ ಕೈಹಾಕಿ, “ಮೇಷ್ಟ್ರೇ, ಗದೆನೇ ವಾಸಿ ಗುರುವೇ, ಒಳಗೆ ಥರ್ಮೋಕೋಲು” ಎಂದಿದ್ದ. ಸೊಂಟದ ವಿಷಯ ತಿಳಿದಾಗ ಆತ ಇನ್ನೊಂದು ಮಾತು ಸೇರಿಸಿದ: “ಕೆಂಗೇರಿ ನಾಟಕಕ್ಕೆ ಇನ್ನು ನಾಲ್ಕು ತಿಂಗಳೂ ಇಲ್ಲ. ಹಗುರದ್ದು ಯಾವ್ದಾದ್ರೂ ತಗೊಂಬನ್ನಿ. ಆಗಲ್ಲ ಅಂದ್ರೆ ಹೇಳ್ಬಿಡಿ, ಪೆನ್‌ಡ್ರೈವ್ ಹಾಕ್ಬಿಡ್ತೀನಿ.” ಮೂವತ್ತು ವರ್ಷ ಪೆಟ್ಟಿಗೆಯ ಮುಂದೆ ಕೂತವನ ಜಾಗಕ್ಕೆ ಹೆಬ್ಬೆರಳಿನಷ್ಟು ಉದ್ದದ ಒಂದು ಪೆನ್‌ಡ್ರೈವ್!

ಹಗುರದ್ದು ಸಿಗದೆ ಇರುವುದಿಲ್ಲ. ಆದರೆ ಹಗುರದ ಕೀಬೋರ್ಡಿನ ಮನೆಗಳು ಚಾಕೊಲೇಟ್ ಡಬ್ಬಿಯ ಪ್ಲಾಸ್ಟಿಕ್ಕಿನಂತೆ. ಬೆರಳು ಇಡುವುದರೊಳಗೆ ತಳ ಮುಟ್ಟಿರುತ್ತದೆ. ಹಳೆಯ ಟೈಪ್‌ರೈಟರನ್ನು ಕುಟ್ಟಿ ಬೆಳೆದ ನನ್ನ ಬೆರಳುಗಳಿಗೆ ಎದುರುತ್ತರ ಕೊಡದ ಮನೆಯ ಮೇಲೆ ನಂಬಿಕೆ ಇಲ್ಲ. ಅಂಗಡಿಯಲ್ಲಿ ಜುಟ್ಟು ಬಿಟ್ಟಿದ್ದ, ನಲವತ್ತರ ಆಸುಪಾಸಿನ ವ್ಯಾಪಾರಿ ನನ್ನ ಬಯಕೆಯನ್ನು ತಾಳ್ಮೆಯಿಂದ ಕೇಳಿ, “ಸಾರ್, ನಿಮಗೆ ವೆಯ್ಟೆಡ್ ಬೇಕಾ, ವೆಯ್ಟ್ ಬೇಡ್ವಾ, ಮನೇಲಿ ಕೂತು ಡಿಸೈಡ್ ಮಾಡ್ಕೊಂಡ್ ಬನ್ನಿ” ಎಂದ. ಮೊದಲೇ ಹೇಳಿದೆನಲ್ಲ, ನನಗೆ ಎರಡೂ ಬೇಕು. ಆಗ ಆತ ವಿವರಿಸಿದ. ತೂಕದ ಮನೆ ಎಂದರೆ ಪ್ರತಿ ಪಟ್ಟಿಯ ಹಿಂದೆಯೂ ಒಂದು ಸಣ್ಣ ಸುತ್ತಿಗೆ ಇರುತ್ತದೆ. ಒತ್ತಿದಾಗ ಅದು ಏಳುತ್ತದೆ, ಬಿಟ್ಟಾಗ ಬೀಳುತ್ತದೆ. ನಿಜವಾದ ಪಿಯಾನೋದಲ್ಲಿ ಆ ಸುತ್ತಿಗೆ ತಂತಿಗೆ ಹೊಡೆಯುತ್ತದೆ. ಇದರಲ್ಲಿ ತಂತಿ ಇಲ್ಲ.

“ಮತ್ತೆ ಯಾವುದಕ್ಕೆ ಹೊಡೆಯುತ್ತೆ?”

“ಯಾವುದಕ್ಕೂ ಇಲ್ಲ ಸಾರ್. ಸುಮ್ನೆ ಎದ್ದು ಬೀಳುತ್ತೆ.”

ತೂಕ ಇಳಿಸಬೇಕಾದರೆ ಮನೆಗಳನ್ನು ಕಡಿಮೆ ಮಾಡಬೇಕು, ಸ್ಪೀಕರ್ ತೆಗೆಯಬೇಕು, ಕೊನೆಗೆ ದನಿಯನ್ನೂ ತೆಗೆಯಬೇಕು. ಹಾಗೆ ಎಲ್ಲ ತೆಗೆದ ಮೇಲೆ ಉಳಿಯುವುದಕ್ಕೆ ‘ಮಿಡಿ ಕಂಟ್ರೋಲರ್’ ಎಂದು ಹೆಸರು. (“ಮಿಡಿ ತರ್ತೀನಿ ಅಂದ್ರಿ, ಉಪ್ಪಿನಕಾಯಿಗೆ ಅನ್ಕೊಂಡಿದ್ದೆ” ಎಂದು ಸುಶೀಲ ಆಮೇಲೆ ಹೇಳಿದಳು.) ಅದಕ್ಕೆ ಸ್ವಂತ ಸ್ವರವಿಲ್ಲ. ಯಾವ ಮನೆ ಒತ್ತಿದಿರಿ, ಯಾವ ಗಳಿಗೆಯಲ್ಲಿ ಒತ್ತಿದಿರಿ, ಎಷ್ಟು ಬಿರುಸಾಗಿ, ಯಾವಾಗ ಕೈ ಬಿಟ್ಟಿರಿ ಎಂಬ ಸಮಾಚಾರವನ್ನಷ್ಟೇ ಅದು ತಂತಿಯ ಮೂಲಕ ಲ್ಯಾಪ್‌ಟಾಪಿಗೆ ಮುಟ್ಟಿಸುತ್ತದೆ. ಅದನ್ನು ಪಿಯಾನೋ ಆಗಿಯೋ ಶಹನಾಯಿ ಆಗಿಯೋ ಕೂಗಿಸುವುದು ಲ್ಯಾಪ್‌ಟಾಪಿನ ಕೆಲಸ. ಕಚೇರಿಯಲ್ಲಿ ಸಾಹೇಬರು ಬಾಯಲ್ಲಿ ಹೇಳಿದ್ದನ್ನು ನಾನು ಕುಟ್ಟುತ್ತಿದ್ದೆ, ಓದುವವರು ಇನ್ನೆಲ್ಲೋ ಇರುತ್ತಿದ್ದರು. ಬಹುಶಃ ಆದ್ದರಿಂದಲೇ ನನಗೆ ಈ ಏರ್ಪಾಡು ಬೇಗ ಅರ್ಥವಾಯಿತು. ಅರ್ಥವಾದದ್ದು ಹಿತವಾಗಲಿಲ್ಲ ಎನ್ನುವುದು ಬೇರೆ ಮಾತು. ಅಂಗಡಿಯಿಂದ ಮೆಟ್ರೋದಲ್ಲಿ ಬರುವಾಗ ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ಚಿತ್ರ. ಸಾಲಾಗಿ ಮನೆಗಳು, ಒಂದೊಂದರ ಒಳಗೂ ಒಂದೊಂದು ಸುತ್ತಿಗೆ. ಏಳುತ್ತವೆ, ಬೀಳುತ್ತವೆ, ಯಾವುದಕ್ಕೂ ತಾಗುವುದಿಲ್ಲ. ದೊಡ್ಡಪ್ಪ ಬೇಡವೆಂದದ್ದನ್ನೇ ಹುಡುಕಿಕೊಂಡು ಹೊರಟಿದ್ದೇನೆ ಅನ್ನಿಸಿತು.

ಆದರೂ ಹುಡುಕಿದೆ. ಎಂಬತ್ತೆಂಟು ಮನೆಯದು ಆಟೋದಲ್ಲಿ ಅಡ್ಡ ಹಿಡಿಯುವುದಿಲ್ಲ. ಅರವತ್ತೊಂದರದ್ದಕ್ಕೆ ಒಳ್ಳೆಯ ತೂಕ ಸಿಗುವುದು ಅಪರೂಪ. ಎಪ್ಪತ್ತಮೂರು ಎಂಬುದು ಸಾಕು, ಬೇಕಾದಷ್ಟಾಯಿತು. ನಮ್ಮ ಪಾತ್ರಧಾರಿಗಳ ಗಂಟಲು ಹದಿನೈದು ಮನೆ ದಾಟಿದ್ದನ್ನು ನಾನಂತೂ ಕಂಡಿಲ್ಲ. ಹೊಸದು ಎಲ್ಲಿಯೂ ಹೊಂದಲಿಲ್ಲ. ಕೊನೆಗೆ ಹಳೆಯ ವಸ್ತುಗಳನ್ನು ಮಾರುವ ಮೊಬೈಲ್ ಆ್ಯಪ್‌ನಲ್ಲಿ ಒಂದು ಕಣ್ಣಿಗೆ ಬಿತ್ತು: ಎಪ್ಪತ್ತಮೂರು ಮನೆ, ತೂಕದವು, ಒಟ್ಟು ಹನ್ನೊಂದು ಕಿಲೋ, ಜೊತೆಗೆ ಲ್ಯಾಪ್‌ಟಾಪ್, ಬಸವೇಶ್ವರನಗರ. ಕೆಳಗೆ ಒಂದು ಸಾಲು: ‘ಮಧ್ಯಾಹ್ನ ಮೂರರ ಮೇಲೆ ಬಂದು ಬಾರಿಸಿ ತೋರಿಸಬೇಕು.’ ಮಾರುವವರು ವಸ್ತು ತೋರಿಸುವುದುಂಟು, ಕೊಳ್ಳುವವನು ಬಾರಿಸಿ ತೋರಿಸಬೇಕಂತೆ. ಬರೆದವರು ತಪ್ಪಾಗಿ ಬರೆದಿದ್ದಾರೆ ಎಂದುಕೊಂಡೆ.

ತಪ್ಪಾಗಿರಲಿಲ್ಲ. ಬಾಗಿಲು ತೆರೆದವರು ಅರವತ್ತೈದರ ಹೆಂಗಸು, ಇಂದಿರಮ್ಮ. ನಡುಮನೆಯ ತುಂಬ ಕಟ್ಟಿಟ್ಟ ರಟ್ಟಿನ ಡಬ್ಬಗಳು. ತಿಂಗಳ ಕೊನೆಗೆ ಮನೆ ಖಾಲಿ ಮಾಡಿ ಕೆಂಗೇರಿ ಉಪನಗರದ ಮಗನ ಮನೆಗೆ ಹೋಗುವವರಿದ್ದರು. ಅಲ್ಲಿ ಇದಕ್ಕೆ ಜಾಗವಿಲ್ಲವೆಂದು ಮಗ ಆ್ಯಪ್‌ನಲ್ಲಿ ಹಾಕಿದ್ದ. ಕೀಬೋರ್ಡ್ ಅವರ ಯಜಮಾನರದು. ಅವರು ಹೋಗಿ ಹತ್ತು ತಿಂಗಳಾಗಿತ್ತು. ಸಣ್ಣ ಕೋಣೆಯೊಂದರಲ್ಲಿ, ಕಿಟಕಿಯ ಕೆಳಗೆ, ಬಿಳಿಯ ಪಂಚೆಯೊಂದನ್ನು ಉದ್ದಕ್ಕೂ ಹೊದಿಸಿ ಇಟ್ಟಿದ್ದರು. ಪಂಚೆ ಸರಿಸುವಾಗ ನನಗೆ ಬೇಡದ್ದೆಲ್ಲ ನೆನಪಾಯಿತು.

“ಪ್ಲಗ್ ಎಲ್ಲಿದೆಯಮ್ಮ?” ಎಂದೆ.

“ಪ್ಲಗ್ ಬೇಡ. ಹಾಗೇ ಬಾರಿಸಿ. ನಾನು ಅಡುಗೆಮನೇಲಿರ್ತೀನಿ.”

ಕರೆಂಟಿಲ್ಲ, ಲ್ಯಾಪ್‌ಟಾಪಿಲ್ಲ, ಉಸಿರಿಲ್ಲದ ಪೆಟ್ಟಿಗೆ. ದೊಡ್ಡಪ್ಪನಿಗೆ ಮನಸ್ಸಿನಲ್ಲೇ ಕೈಮುಗಿದು, ನಾಟಕದ ಮೊದಲಿಗೆ ಬಾರಿಸುವ ಪ್ರಾರ್ಥನೆಯ ಮಟ್ಟನ್ನು ಶುರುಮಾಡಿದೆ. ಆಹಾ, ಆ ಮನೆಗಳ ತೂಕವೇ! ಚೆನ್ನಾಗಿ ಎಣ್ಣೆ ಕಂಡ ಬಾಗಿಲಿನಂತೆ ತಗ್ಗುತ್ತವೆ, ಕೈ ಎತ್ತಿದ ತಕ್ಷಣ ಬೆರಳನ್ನು ಹಿಂಬಾಲಿಸಿ ಏಳುತ್ತವೆ. ನಡುವಿನ ಮನೆಗಳು ಬೇರೆಯವಕ್ಕಿಂತ ಕೂದಲೆಳೆಯಷ್ಟು ಸಡಿಲ, ಹೆಚ್ಚು ಓಡಾಡಿದ ಮೆಟ್ಟಿಲು ಸವೆದ ಹಾಗೆ. ಕೋಣೆಯಲ್ಲಿ ನನಗೆ ಕೇಳುತ್ತಿದ್ದದ್ದು ಮಾತ್ರ ಮೆತ್ತನೆಯ ದಬ್, ದಬ್, ಟಕ್, ದಬ್. ಎರಡು ನಿಮಿಷವಾಗಿತ್ತೇನೋ. ಅಡುಗೆಮನೆಯಿಂದ ದನಿ ಬಂತು:

“ಎಡಗೈ ಕಿರುಬೆರಳಿಗೆ ಪೆಟ್ಟಾಗಿತ್ತಾ?”

ನನ್ನ ಕೈ ಹಾಗೆಯೇ ನಿಂತಿತು. ಹತ್ತನೇ ವಯಸ್ಸಿನಲ್ಲಿ ಆ ಬೆರಳು ಹಾರ್ಮೋನಿಯಂ ಮುಚ್ಚಳದ ಸಂದಿಗೆ ಸಿಕ್ಕಿ ಉಗುರು ಹೋಗಿತ್ತು. ಅಂದಿನಿಂದ ಅದು ಸ್ವಲ್ಪ ಸೋಮಾರಿ. ಈ ಗುಟ್ಟು ಸುಶೀಲಳಿಗೂ ಗೊತ್ತಿಲ್ಲ. ನಮ್ಮಿಬ್ಬರ ನಡುವೆ ಒಂದು ಗೋಡೆಯಿತ್ತು, ಬಾಗಿಲಿಗೆ ಪರದೆಯಿತ್ತು.

“ನಿಮಗೆ ಹೇಗೆ...”

“ಅದು ಬೇರೆಯವಕ್ಕಿಂತ ತಡವಾಗಿ ಬೀಳುತ್ತೆ” ಎಂದು ಕೈ ಒರೆಸಿಕೊಳ್ಳುತ್ತ ಬಂದರು ಇಂದಿರಮ್ಮ. “ಪರವಾಗಿಲ್ಲ, ನೀವು ಕೂತ್ಕೊಳಿ. ಇಷ್ಟು ದಿನ ಬಂದವರಲ್ಲಿ ನೀವೇ ವಾಸಿ. ಮೊದಲನೆಯವರು ಕೊತ್ತಂಬರಿಬೀಜ ಕುಟ್ಟಿದ ಹಾಗೆ ಕುಟ್ಟಿದ್ರು. ಇನ್ನೊಬ್ರು, ಅಯ್ಯೋ, ಶೀಟಿನ ಮೇಲೆ ಕೋತಿ ಓಡಿದ ಹಾಗೆ. ಮಾರೋದಿಲ್ಲ ಅಂತ ಕಳಿಸ್ಬಿಟ್ಟೆ. ಮಗ ಬೈತಾನೆ.”

ಆಮೇಲೆ ಅವರು ಹೇಳಿದ್ದು ಇಷ್ಟು. ಯಜಮಾನರು ಪೀಣ್ಯದ ಕಾರ್ಖಾನೆಯೊಂದರಲ್ಲಿದ್ದರು. ಭಾನುವಾರ ಮದುವೆ ಮನೆಗಳ ಆರ್ಕೆಸ್ಟ್ರಾದಲ್ಲಿ ಕೀಬೋರ್ಡ್. ಮೊದಲ ಶಿಫ್ಟಿಗೆ ಹೊರಡುವ ಮುನ್ನ ಬೆಳಗಿನ ಐದಕ್ಕೆ ಎದ್ದು ಈ ಕೋಣೆಯಲ್ಲಿ ಸಾಧನೆ. ಪಕ್ಕದ ಕೋಣೆಯಲ್ಲಿ ಅತ್ತೆ ಹಾಸಿಗೆ ಹಿಡಿದಿದ್ದರಿಂದ ಕಿವಿಗೆ ಹೆಡ್‌ಫೋನ್ ಹಾಕಿಕೊಳ್ಳುತ್ತಿದ್ದರು. ಹಾಡು ಅವರ ಕಿವಿಗೆ. ಮನೆಯವರಿಗೆ ಬರೀ ದಬ್ ದಬ್. “ಮೊದಮೊದಲು ಯಾರೋ ಮೆಲ್ಲಗೆ ಮನೆಯೊಳಗೆ ನಡೀತಿದಾರೆ ಅಂತ ಹೆದರಿಕೊಳ್ತಿದ್ದೆ. ಆಮೇಲೆ ಅದು ಕೇಳಿದ್ರೇನೇ ಧೈರ್ಯ.” ಅತ್ತೆಯನ್ನು ಬಿಟ್ಟು ಯಾವ ಮದುವೆಗೂ ಹೋಗಲಾಗಲಿಲ್ಲ. ಅತ್ತೆ ತೀರಿಕೊಂಡ ಮೇಲೂ ಹೋಗಬೇಕೆನಿಸಲಿಲ್ಲ. ಈ ಕೀಬೋರ್ಡ್ ಮನೆಗೆ ಬಂದ ಹನ್ನೊಂದು ವರ್ಷದಲ್ಲಿ ಗಂಡ ಬಾರಿಸಿದ ಒಂದು ಹಾಡನ್ನೂ ಅವರು ಕೇಳಿರಲಿಲ್ಲ. “ಯಾಕೆ ಕೇಳ್ಬೇಕು? ನನಗೆ ಕೇಳ್ತಾನೇ ಇತ್ತಲ್ಲ” ಎಂದರು. “ಈಗ ಇದನ್ನ ಕೊಟ್ಮೇಲೆ ಆ ಸದ್ದು ಇನ್ನೆಲ್ಲೂ ಇರಲ್ಲ. ಅದಕ್ಕೇ ಕೈ ನೋಡಿ ಕೊಡೋಣ ಅಂತ. ಕೊಡದೇ ಇರೋದೇ ಒಳ್ಳೇದೇನೋ, ಗೊತ್ತಾಗ್ತಿಲ್ಲ” ಎಂದರು.

ಕೈಯ ಸದ್ದಿನಿಂದ ಮನುಷ್ಯರನ್ನು ಗುರುತಿಸುವುದು ನನಗೇನು ಹೊಸದಲ್ಲ. ನಮ್ಮ ಕಚೇರಿಯಲ್ಲಿ ಆರು ಜನ ಟೈಪಿಸ್ಟರಿದ್ದೆವು. ಸೂಪರಿಂಟೆಂಡೆಂಟರು ತಮ್ಮ ಕೋಣೆಯಲ್ಲಿ ಕೂತೇ ಇಂಥವರು ಬಂದಿಲ್ಲ, ಇಂಥವರಿಗೆ ಈವತ್ತು ಮನಸ್ಸು ಸರಿಯಿಲ್ಲ ಎಂದು ಹೇಳುತ್ತಿದ್ದರು. ಹಿಂದಿನ ಕಾಲದ ತಂತಿ ಕಚೇರಿಯವರೂ ಕಟ್ಟು-ಕಡ ಸದ್ದಿನಲ್ಲೇ ಆ ತುದಿಯಲ್ಲಿ ಕೂತವನು ಯಾರೆಂದು ತಿಳಿಯುತ್ತಿದ್ದರಂತೆ. ಮುಖ ನೋಡದೆ, ದನಿ ಕೇಳದೆ, ಬರೀ ಬೆರಳಿನಿಂದ ಪರಿಚಯವಾದ ಸ್ನೇಹಗಳು. ಅಕ್ಷರ ಸುಂದರವಾಗಿದೆಯೆಂದು ನಾವು ಹೊಗಳುತ್ತೇವೆ. ಕುಟ್ಟುವುದರಲ್ಲೂ ಅಷ್ಟೇ ಅಂದವಿದೆ ಎನ್ನುವುದು ಯಾರಿಗೂ ಹೊಳೆಯುವುದಿಲ್ಲ. ಇಷ್ಟೆಲ್ಲ ತಿಳಿದಿದ್ದೂ ನಾನು ಅಲ್ಲಿ ಮಾಡಿದ ತಪ್ಪನ್ನು ಕೇಳಿ.

ಲ್ಯಾಪ್‌ಟಾಪ್ ತೆರೆದು ನೋಡಿದೆ. ಅದರಲ್ಲಿ ಕಡತಗಳ ದೊಡ್ಡ ಸಾಲು: ಬೆಳಿಗ್ಗೆ ಒಂದು, ಬೆಳಿಗ್ಗೆ ಎರಡು, ಬೆಳಿಗ್ಗೆ ಮೂರು... ಇಳಿಸಿದಷ್ಟೂ ಇಳಿಯುತ್ತ ಹೋಯಿತು. ಪುಣ್ಯಾತ್ಮರು ಪ್ರತಿದಿನದ ಸಾಧನೆಯನ್ನು ದಾಖಲಿಸಿಟ್ಟಿದ್ದರು. ದಾಖಲಿಸಿದ್ದು ಸ್ವರವನ್ನಲ್ಲ, ಆಗಲೇ ಹೇಳಿದ ಹಾಗೆ, ಕೈಯ ಸಮಾಚಾರವನ್ನು. ಯಾವ ಮನೆ, ಯಾವ ಗಳಿಗೆ, ಎಷ್ಟು ಬಿರುಸು. ಮೈ ಬೂದಿಯಾಗಿ ಹತ್ತು ತಿಂಗಳಾಗಿದೆ, ಹತ್ತು ಬೆರಳು ಮಾತ್ರ ಇಲ್ಲಿ ಮಡಚಿಕೊಂಡು ಕೂತಿವೆ. ಇಂದಿರಮ್ಮನಿಗೆ ಎಂಥ ಕಾಣಿಕೆ ಸಿಕ್ಕಿತು! ಹನ್ನೊಂದು ವರ್ಷ ಕೇಳದ ಹಾಡನ್ನು ಈಗ ಕೇಳಿಸುತ್ತೇನೆ ಎಂದುಕೊಂಡು, ಇದ್ದುದರಲ್ಲಿ ಉತ್ತಮವಾದ ಪಿಯಾನೋ ದನಿಯನ್ನು ಆರಿಸಿ, “ಅಮ್ಮಾ, ಇದು ನಿಮ್ಮ ಯಜಮಾನರು” ಎಂದು ಹೇಳಿ ಶುರುಮಾಡಿದೆ.

ಹಾಡು ಇಡೀ ಮನೆ ತುಂಬಿತು. ಬಹಳ ಹದವಾದ ಕೈ. ನಾನು ಕಣ್ಣು ಮುಚ್ಚಿದೆ. ತೆರೆದು ನೋಡಿದರೆ ಇಂದಿರಮ್ಮ ನೆಂಟರ ಮನೆಯ ಫೋಟೋ ಆಲ್ಬಂ ನೋಡುವವರಂತೆ, ಮರ್ಯಾದೆಗೆ, ಸುಮ್ಮನೆ ಕೂತಿದ್ದಾರೆ. ಮುಗಿದ ಮೇಲೆ, “ಚೆನ್ನಾಗಿ ಬಾರಿಸ್ತಾರೆ. ಯಾರಿದು?” ಎಂದರು.

ನನಗೆ ನಾಚಿಕೆಯಾಯಿತು. ಆ ಪಿಯಾನೋ ದನಿಯನ್ನು ಯಾವುದೋ ದೇಶದಲ್ಲಿ ಯಾರೋ ಹಿಡಿದು ಮಾರಿದ್ದು. ಅದು ಇವರ ಗಂಡ ಹೇಗಾದೀತು? ಒಂದು ನಿಮಿಷ ತಲೆ ಕೆರೆದುಕೊಂಡು, ದನಿಗಳ ಪಟ್ಟಿಯಲ್ಲಿ ಕೆಳಕೆಳಗೆ ಹೋದೆ. ಶಹನಾಯಿ, ಕೊಳಲು, ಘಂಟೆ ಎಲ್ಲ ದಾಟಿ ಹೋದ ಮೇಲೆ ಮೂಲೆಯಲ್ಲಿ ಸಿಕ್ಕಿತು: ಮರದ ತುಂಡಿಗೆ ಮೆಲ್ಲಗೆ ಬಡಿದ ಸದ್ದು. ಎಪ್ಪತ್ತಮೂರು ಮನೆಗೂ ಆ ಒಂದೇ ಸದ್ದನ್ನು ಹಚ್ಚಿ, ದನಿ ತಗ್ಗಿಸಿ, ಅದೇ ಬೆಳಗನ್ನು ಮತ್ತೆ ಬಿಟ್ಟೆ.

ದಬ್. ದಬ್ ದಬ್. ಟಕ್. ದಬ್.

ಇಂದಿರಮ್ಮ ಸೆರಗನ್ನು ಭುಜದ ಮೇಲೆ ಎಳೆದುಕೊಂಡರು, ಮನೆಗೆ ಯಾರೋ ಗಂಡಸರು ಬಂದ ಹಾಗೆ. ನಾನಂತೂ ಅಲ್ಲಿ ಆಗಲೇ ಇದ್ದೆ. “ಹೂಂ” ಎಂದರು, ನನಗಲ್ಲ. ಕೀಬೋರ್ಡ್ ನನ್ನ ಮುಂದೆ, ಪ್ಲಗ್ ಇಲ್ಲದೆ, ಅಲುಗಾಡದೆ ಇತ್ತು. ಅದರ ಸದ್ದು ಮಾತ್ರ ಅದರ ಪಕ್ಕದಲ್ಲಿ ನಡೆದಾಡುತ್ತಿತ್ತು. ನಾನು ಅರಿವಿಲ್ಲದೆಯೇ ಕುರ್ಚಿಯನ್ನು ಅರ್ಧ ಮೊಳ ಹಿಂದಕ್ಕೆ ಸರಿಸಿದೆ, ಜಾಗ ಬಿಡುವವನಂತೆ. ನಾಲ್ಕು ಗಂಟೆಯ ಬಿಸಿಲು ಕಿಟಕಿಯಲ್ಲಿ ಬಿದ್ದಿತ್ತು. ಕೋಣೆಯೊಳಗೆ ಮಾತ್ರ ಬೆಳಗಿನ ಐದು ಗಂಟೆ.

ಸ್ವಲ್ಪ ಹೊತ್ತಿನ ಮೇಲೆ ಇಂದಿರಮ್ಮ ಹೇಳಿದರು: “ಈಗ ನಿಲ್ತಾರೆ.”

ನಿಂತಿತು. ಕಡತ ಮುಗಿದಿರಲಿಲ್ಲ. ಲ್ಯಾಪ್‌ಟಾಪಿನ ಪರದೆಯ ಮೇಲೆ ಸಣ್ಣ ಗೆರೆ ಖಾಲಿ ಬಯಲಿನಲ್ಲಿ ತೆವಳುತ್ತಲೇ ಇತ್ತು. ಇಂದಿರಮ್ಮ ಎದ್ದರು, ಅಡುಗೆಮನೆಗೆ ಹೋದರು. ಒಲೆ ಹಚ್ಚಿದ ಸದ್ದು, ಪಾತ್ರೆಯ ಸದ್ದು. ನಾನು ಆ ಗೆರೆಯನ್ನು ನೋಡುತ್ತ ಕೂತೆ. ಒಂದು ನಿಮಿಷ, ಎರಡು, ಮೂರು. ಅವರು ಲೋಟ ಹಿಡಿದು ಬಂದರು. ನನ್ನ ಕೈಗೆ ಕೊಡುವರೇನೋ ಎಂದು ನಾನು ಕೈ ಚಾಚಿದೆ. ಅವರು ನನ್ನನ್ನು ನೋಡಲಿಲ್ಲ. ಕೀಬೋರ್ಡಿನ ಬಲಗಡೆ ಇದ್ದ ಸಣ್ಣ ಮಣೆಯ ಮೇಲೆ, ಮರದಲ್ಲಿ ಮೊದಲೇ ಮೂಡಿದ್ದ ಕಪ್ಪು ವೃತ್ತದ ಮೇಲೆ ಸರಿಯಾಗಿ, ಲೋಟ ಇಟ್ಟರು. ಲೋಟದ ತಳ ಮಣೆಗೆ ತಾಗಿತು.

ದಬ್. ದಬ್ ದಬ್. ಸದ್ದು ಮತ್ತೆ ಶುರುವಾಯಿತು.

ಚಾಚಿದ ಕೈಯನ್ನು ನಾನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡೆ. ಕಾಫಿಯಿಂದ ಹಬೆ ಏಳುತ್ತಿತ್ತು. ಕುಡಿಯುವವರಿಲ್ಲದ ಆ ಲೋಟದ ಪಕ್ಕದಲ್ಲಿ ನಾವಿಬ್ಬರೂ ಕಡತ ಮುಗಿಯುವವರೆಗೂ ಕೂತಿದ್ದೆವು. ಮುಗಿದ ಮೇಲೆ ಇಂದಿರಮ್ಮ ಎಚ್ಚೆತ್ತವರಂತೆ ನನ್ನ ಕಡೆ ತಿರುಗಿ, “ಅಯ್ಯೋ, ನಿಮಗೆ ಒಳಗಿದೆ, ತರ್ತೀನಿ ಇರಿ” ಎಂದರು.

ಬೆಲೆಯ ಮಾತು ಎರಡು ನಿಮಿಷದಲ್ಲಿ ಮುಗಿಯಿತು. ಲ್ಯಾಪ್‌ಟಾಪ್ ನನಗೆ ಬೇಡ, ಮನೆಯಲ್ಲಿ ಒಂದಿದೆ, ಇದು ನಿಮ್ಮಲ್ಲೇ ಇರಲಿ ಎಂದೆ. ಯಾವ ಗುಂಡಿ ಒತ್ತಿದರೆ ಬೆಳಗು ಶುರುವಾಗುತ್ತದೆ ಎಂದು ತೋರಿಸಿಕೊಟ್ಟೆ; ಅವರು ಎರಡು ಸಲ ಒತ್ತಿ ಕಲಿತರು. ಹಾಗೆ ಅವರ ಯಜಮಾನರ ಬೆರಳು ಅವರ ಬಳಿ ಉಳಿಯಿತು, ಆ ಬೆರಳು ಓಡಾಡಿದ ಮನೆಗಳು ನನ್ನ ಪಾಲಿಗೆ ಬಂದವು. ಬಾಗಿಲ ತನಕ ಬಂದು, ಹಸು ಮಾರಿದವರು ಹೊಸಬನಿಗೆ ಹೇಳುವ ಹಾಗೆ ಹೇಳಿದರು: “ಬೆಳಿಗ್ಗೆ ಐದಕ್ಕೆ ಒಂದು ಸಲ ಕೈಯಾಡಿಸಿ. ಅದಕ್ಕೆ ಅಭ್ಯಾಸ ಆಗ್ಬಿಟ್ಟಿದೆ.”

ಕರಿ ಚೀಲದಲ್ಲಿ ಉದ್ದಕ್ಕೆ ಮಲಗಿದ್ದ ಅದನ್ನು ಆಟೋದಲ್ಲಿ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡು ಹೊರಟೆ. ಆಟೋದವನು ಕನ್ನಡಿಯಲ್ಲಿ ಎರಡು ಸಲ ನೋಡಿ, “ಸಾರ್, ಹಂಪ್ ಬಂದ್ರೆ ನಿಧಾನಕ್ಕೆ ಹೋಗ್ಲಾ? ಒಳಗೆ ಏನಿದೆಯೋ ಏನೋ” ಎಂದ. “ಪೆಟ್ಟಿಗೆ ಕಣಪ್ಪ” ಎಂದೆ. “ಎಂಥ ಪೆಟ್ಟಿಗೆ ಸಾರ್?” ಎಂದವನು ಆಮೇಲೆ ವಿಜಯನಗರದವರೆಗೂ ಬಾಯಿ ಬಿಡಲಿಲ್ಲ.

ಕೆಂಗೇರಿಯ ನಾಟಕ ಚೆನ್ನಾಗಿ ಆಯಿತು. ಗಂಗಣ್ಣ ಗದೆ ಹೊತ್ತು ಬಂದು ನಿಂತು, ಪದ್ಯ ಮರೆತು, ಎಂದಿನಂತೆ ನನ್ನ ಮುಖ ನೋಡಿದ. ಇಂಥ ಹೊತ್ತಿನಲ್ಲಿ ನಾನು ಗಾಬರಿಯಿಂದ ಇನ್ನಷ್ಟು ಬಾರಿಸಿ ಮುಚ್ಚಿಹಾಕುವುದು ವಾಡಿಕೆ. ಅವತ್ತು ನನ್ನ ಕೈಗಳು ತಾವಾಗಿಯೇ ಎದ್ದು ನಿಂತುಬಿಟ್ಟವು. ಸಭೆ ನಿಶ್ಶಬ್ದ. ಆ ನಿಶ್ಶಬ್ದದ ತೂಕ ನನ್ನ ಬೆರಳಿಗೆ ತಿಳಿಯುತ್ತಿತ್ತು. ಎಲ್ಲಿಂದಲೋ ಗಂಗಣ್ಣನಿಗೆ ಪದ್ಯ ನೆನಪಾಗಿ ಎತ್ತಿದ ನೋಡಿ, ಜನ ಎದ್ದು ಚಪ್ಪಾಳೆ ಹೊಡೆದರು. ಆಮೇಲೆ ಬಣ್ಣ ಒರೆಸಿಕೊಳ್ಳುತ್ತ ಬಂದು, “ಮೇಷ್ಟ್ರೇ, ಆ ನಿಲ್ಲಿಸೋದು ಎಲ್ಲಿ ಕಲಿತ್ರಿ? ಮೈ ಜುಮ್ಮಂತು” ಎಂದ. ಪೆನ್‌ಡ್ರೈವಿನ ಮಾತು ಮತ್ತೆ ಬರಲಿಲ್ಲ. ‘ಬಾರಿಸೋದು ಯಾರು ಬೇಕಾದ್ರೂ ಬಾರಿಸ್ತಾರೆ, ನಿಲ್ಲಿಸೋದು ಕಲಿ’ ಎಂದು ದೊಡ್ಡಪ್ಪ ನೂರು ಸಲ ಹೇಳಿದ್ದರು. ಅವರಿಂದ ಕಲಿಯಲಿಲ್ಲ. ಯಾರಿಂದ ಕಲಿತೆ ಎಂದು ಗಂಗಣ್ಣನಿಗೆ ಹೇಳಲು ನನಗೆ ಧೈರ್ಯವಾಗಲಿಲ್ಲ.

ಬೆಳಿಗ್ಗೆ ಐದಕ್ಕೆ ಎದ್ದು ಕೂರುವುದನ್ನು ನಾನು ತಪ್ಪಿಸುತ್ತಿರಲಿಲ್ಲ. ಸುಶೀಲಳಿಗೆ ನಿದ್ದೆ ಕೆಡಬಾರದೆಂದು ಹೆಡ್‌ಫೋನ್. ಹದಿನೈದು ದಿನವಾಗಿತ್ತೇನೋ, ಒಂದು ಬೆಳಿಗ್ಗೆ ನಡುವೆ ಎಲ್ಲೋ ಕೈ ನಿಂತಿತು, ಏಕೆಂದು ನನಗೇ ತಿಳಿಯದೆ. ತಿರುಗಿದರೆ ಸುಶೀಲ ಕಾಫಿ ಲೋಟ ಹಿಡಿದು ನಿಂತಿದ್ದಾಳೆ. ಮೂವತ್ತೈದು ವರ್ಷದ ಸಂಸಾರದಲ್ಲಿ ಆ ಹೊತ್ತಿಗೆ ಅವಳು ಎದ್ದದ್ದೇ ಇಲ್ಲ.

“ಯಾರು ಹೇಳಿದ್ರು ನಿನಗೆ?” ಎಂದೆ.

“ಹೇಳೋದೇನು? ನಿಲ್ಲಿಸಿದ್ರಲ್ಲ. ಕಾಫಿಗೆ ಅನ್ಕೊಂಡೆ” ಎಂದು ಲೋಟವನ್ನು ನನ್ನ ಬಲಗಡೆ ಇಟ್ಟು ಹೋದಳು.

ಹೋದ ತಿಂಗಳು ನನಗೆ ಜ್ವರ ಬಂದು ಒಂದು ದಿನ ಏಳಲಾಗಲಿಲ್ಲ. ಮರುದಿನ ಬೆಳಿಗ್ಗೆ ಆರಕ್ಕೆ ಫೋನು. ಇಂದಿರಮ್ಮ, ಕೆಂಗೇರಿ ಉಪನಗರದಿಂದ. ಮನೆ ಬದಲಿಸಿದ ಮೇಲೆ ಅವರು ಮಾತಾಡಿದ್ದು ಅದೇ ಮೊದಲು. “ನಿನ್ನೆ ಬಾರಿಸ್ಲಿಲ್ವಾ ನೀವು?” ಎಂದರು. “ಜ್ವರ ಇತ್ತಮ್ಮ. ಯಾಕೆ?” ಎಂದೆ.

“ಏನಿಲ್ಲ. ನಿನ್ನೆ ಬೆಳಿಗ್ಗೆ ಲ್ಯಾಪ್‌ಟಾಪ್ ಹಾಕಿದ್ನಲ್ಲ, ನಮ್ಮ ಯಜಮಾನರ ಕೈ ಒಂದೇ ಕೇಳ್ತಿತ್ತು. ಹುಷಾರಾಗಿರಿ” ಎಂದು ಇಟ್ಟುಬಿಟ್ಟರು.

ಬೇರೆ ದಿನಗಳಲ್ಲಿ ಎಷ್ಟು ಜನರ ಕೈ ಕೇಳುತ್ತದೆ ಎಂದು ನಾನು ವಾಪಸ್ಸು ಫೋನು ಮಾಡಿ ವಿಚಾರಿಸಬಹುದಿತ್ತು. ಮಾಡಲಿಲ್ಲ. ವಿಜಯನಗರಕ್ಕೂ ಕೆಂಗೇರಿಗೂ ನಡುವೆ ಎಷ್ಟೊಂದು ಗೋಡೆಗಳಿವೆ ಎಂದು ಸುಶೀಲ ಲೆಕ್ಕ ಹೇಳಿದಳು: “ವಯಸ್ಸಾದವರು, ಏನೋ ಅನ್ನಿಸಿರುತ್ತೆ ಬಿಡಿ.” ಇರಬಹುದು. ಉಸಿರಿಲ್ಲದ್ದು ಮಾತಾಡಿಬಿಟ್ಟರೆ ಏನು ಮಾಡಬೇಕು ಎಂಬ ದೊಡ್ಡಪ್ಪನ ಪ್ರಶ್ನೆಗೆ ನನಗೆ ಸಿಕ್ಕ ಉತ್ತರ ತೀರ ಸಣ್ಣದು: ಅದರ ಜೊತೆಗೆ ತಾಳ ತಪ್ಪದಂತೆ ಬಾರಿಸಬೇಕು, ಅದು ನಿಲ್ಲಿಸಿದಾಗ ನಾವೂ ನಿಲ್ಲಿಸಬೇಕು.

ಆದ್ದರಿಂದ ಈಗ ಜ್ವರವಿರಲಿ ಮಳೆಯಿರಲಿ, ಐದಕ್ಕೆ ಕೂರುತ್ತೇನೆ. ಕಿರುಬೆರಳು ಮೊದಲಿಗಿಂತ ಚುರುಕಾಗಿದೆ. ಕೈ ನಿಲ್ಲುವ ಹೊತ್ತಿಗೆ ಕಾಫಿ ಬಂದಿರುತ್ತದೆ, ನನ್ನ ಮೇಜಿನ ಮೇಲೂ ಈಗ ಒಂದು ಕಪ್ಪು ವೃತ್ತ ಮೂಡತೊಡಗಿದೆ. ಲೋಟವನ್ನು ನಾನು ತಕ್ಷಣ ಮುಟ್ಟುವುದಿಲ್ಲ, ಸ್ವಲ್ಪ ಹೊತ್ತು ಹಾಗೇ ಬಿಡುತ್ತೇನೆ. “ಯಾಕೆ ಸುಮ್ನೆ ಆರಿಸ್ತೀರಾ?” ಎಂದು ಸುಶೀಲ ಗದರುತ್ತಾಳೆ.

“ಬಿಸಿ ಇದೆ ಕಣೇ” ಎನ್ನುತ್ತೇನೆ.